ತಿರುಗಿ ಹೇಳೋ ಕೆಲಸ

ಲಿಫ್ಟ್ ರಿಪೇರಿ ಕೆಲಸದಲ್ಲಿ ಮೊದಲು ಕಲಿಯೋದು ಸ್ಪ್ಯಾನರ್ ಹಿಡಿಯೋದಲ್ಲ, ಹೇಳಿದ್ದನ್ನ ತಿರುಗಿ ಹೇಳೋದು. ನಾನಿರೋದು ಕಟ್ಟಡದ ನೆತ್ತಿ ಮೇಲಿನ ಮೋಟಾರು ರೂಮಲ್ಲಿ. ಜೊತೆಗಾರ ಎಷ್ಟೋ ಕೆಳಗೆ, ಲಿಫ್ಟಿನ ತಲೆ ಮೇಲೆ ಹತ್ತೋಕೆ ಕಾಯ್ತಾ ಇರ್ತಾನೆ. ಒಬ್ಬರ ಮುಖ ಒಬ್ಬರಿಗೆ ಕಾಣಲ್ಲ. ನಾನು ವಾಕಿಟಾಕಿಯಲ್ಲಿ ಕರೆಂಟ್ ತೆಗೆದಿದೀನಿ, ಹತ್ತು ಅಂದರೆ, ಅವನು ಕರೆಂಟ್ ತೆಗೆದಾಯ್ತು, ಹತ್ತುತೀನಿ ಅನ್ನಬೇಕು. ಅನ್ನದಿದ್ದರೆ ಯಾರೂ ಕೈಕಾಲು ಆಡಿಸೋ ಹಾಗಿಲ್ಲ. ನೋಡಿದವರು ಹೇಳಿದ್ದೇ ಹೇಳೋ ಕಿಸ್ಬಾಯಿ ದಾಸರು ಅಂತ ನಗ್ತಾರೆ. ನಗಲಿ ಬಿಡಿ. ಇಷ್ಟು ವರ್ಷ ಆದರೂ ನನ್ನ ಹತ್ತು ಬೆರಳೂ ಇದ್ದ ಕಡೆ ಇವೆ.

ನನ್ನ ಜೊತೆಗಾರ ಬೇರೆ ಯಾರೂ ಅಲ್ಲ, ಅಕ್ಕನ ಮಗ. ಹುಟ್ಟಿದಾಗ ಅಂಗೈಯಷ್ಟಿದ್ದ ಅಂತ ಕುಳ್ಳ ಅಂತ ಕರೆದ್ವಿ. ಈಗ ಬಾಗಿಲನ್ನ ಬಗ್ಗಿ ದಾಟ್ತಾನೆ, ಹೆಸರು ಮಾತ್ರ ಹಾಗೇ ಉಳೀತು. ಸದ್ದು ಕೇಳಿಯೇ ಯಾವ ಬೇರಿಂಗ್ ಸವೆದಿದೆ ಅಂತ ಹೇಳೋ ಕಿವಿ ಅವನದು. ಏನು ಪ್ರಯೋಜನ? ಕಾಲೇಜು ಮುಗಿಯೋದರೊಳಗೆ ಗಾಂಜಾ ಹತ್ತಿಸಿಕೊಂಡಿದ್ದ. ಎರಡು ಕಡೆ ಕೆಲಸ ಕಳ್ಕೊಂಡ ಮೇಲೆ ಅಕ್ಕ ಅವನನ್ನ ನನ್ನ ಹತ್ರ ಕರ್ಕೊಂಡು ಬಂದು, ತಪ್ಪೇನಿದ್ರೂ ಹೊಟ್ಟೆಗೆ ಹಾಕ್ಕೊಳೇ ಅಂತ ಅತ್ತಳು. ನನ್ನ ಹೊಟ್ಟೆ ಅಷ್ಟು ದೊಡ್ಡದಲ್ಲ ಅಂತ ಮುಖಕ್ಕೇ ಹೇಳಿದೆ. ಸೇದಿದ್ದು ಗೊತ್ತಾದ ದಿನವೇ ಈ ಕೆಲಸದಲ್ಲಿ ಇವನ ಕೊನೇ ದಿನ ಅಂದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತೆ, ಒಪ್ಪಿದೆ. ಆದರೆ ಅವತ್ತು ಮಾತಾಡಿದ್ದು ಸಿಟ್ಟಲ್ಲ, ಭಯ. ಮಂಪರಲ್ಲಿ ಒಂದು ಹೆಜ್ಜೆ ತಪ್ಪಿದರೆ ಅಕ್ಕನಿಗೆ ನಾನು ಯಾವ ಮುಖ ತೋರಿಸ್ಲಿ?

ಬಂದ ಹೊಸದರಲ್ಲಿ ಅವನ ಮೊಬೈಲು ಆಗಾಗ ಟಿಣ್ ಅನ್ನೋದು, ಇವನು ತಿರುಗಿ ನಿಂತು ಏನೋ ಒತ್ತೋದು. ಯಾರಪ್ಪಾ ಆ ಪುಣ್ಯಾತ್ಗಿತ್ತಿ, ಮದುವೆ ಊಟ ಯಾವಾಗ ಅಂತ ರೇಗಿಸಿದೆ. ಒಂದಿನ ತಡೆಯೋಕಾಗದೆ ಕೈಯಿಂದ ಕಿತ್ಕೊಂಡು ನೋಡಿದರೆ, ಆಸೆ ಈಗ ಎಷ್ಟಿದೆ, ಒಂದರಿಂದ ಹತ್ತರೊಳಗೆ ಹೇಳಿ ಅಂತಿತ್ತು. ಇದೇನೋ, ಜ್ವರ ನೋಡ್ತಾರಾ ಅಂದೆ. ಅವನ ಕಿವಿ ಕೆಂಪಾಯ್ತು. ಗಾಂಜಾ ಕಡಿಮೆ ಮಾಡ್ಕೋಬೇಕು ಅನ್ನೋ ಹುಡುಗ ಹುಡುಗಿಯರಿಗೆ ಆಸ್ಪತ್ರೆಯೊಂದರವರು ಮೊಬೈಲಲ್ಲಿ ತಾನಾಗೇ ಬರೋ ಮೆಸೇಜಿನ ಮೂಲಕ ಕೊಡೋ ಸಹಾಯವಂತೆ. ಮನೇಲಿ ಯಾರಿಗೂ ಹೇಳದೆ ತಾನೇ ಹೋಗಿ ನಂಬರು ಕೊಟ್ಟು ಬಂದಿದ್ದ. ಇವನು ಏಳು ಅಂತ ಒತ್ತಿದರೆ ಆ ಕಡೆಯಿಂದ, ಏಳು, ಗೊತ್ತಾಯ್ತು, ಮುಂದಿನ ಹತ್ತು ನಿಮಿಷ ಏನು ಮಾಡ್ತೀರಿ ಅಂತ ಬರುತ್ತೆ. ಮೆಟ್ಟಿಲು ಹತ್ತಿ ಇಳೀತೀನಿ ಅಂತಾನೆ ಇವನು. ಹತ್ತಿ ಇಳಿದು ಬಂದರೆ ಮತ್ತೆ ಟಿಣ್, ಈಗ ಎಷ್ಟು?

"ಅದು ಬೈಯಲ್ಲ ಚಿಕ್ಕಮ್ಮ," ಅಂದ. "ನಾನು ಹೇಳಿದ್ದನ್ನೇ ತಿರುಗಿ ಹೇಳುತ್ತೆ, ಅಷ್ಟೆ."

ಬೈಯೋದಕ್ಕೆ ನಾನಿದೀನಲ್ಲ, ಅದಕ್ಯಾಕೆ ಮೊಬೈಲು ಅಂದೆ. ಅಂದರೂ ಆ ಮಾತು ನನ್ನ ತಲೇಲಿ ಕೂತುಬಿಡ್ತು.

ಲಿಫ್ಟ್ ಓಡಾಡೋ ಬಾವಿಯೊಳಗೆ ಮೊಬೈಲು ಒಯ್ಯೋ ಹಾಗಿಲ್ಲ, ಟೂಲ್ ಬಾಕ್ಸಲ್ಲಿಟ್ಟು ಬೀಗ ಹಾಕಬೇಕು. ಅದಕ್ಕೆ ಒಂದು ರಾಜಿ ಮಾಡ್ಕೊಂಡ್ವಿ. ಬೀಳದ ಹಾಗೆ ಸೊಂಟಕ್ಕೆ ಬೆಲ್ಟು ಕಟ್ಟೋ ಮುಂಚೆ ನಂಬರ್ ಎಷ್ಟೋ ಅಂತ ನಾನೇ ಕೇಳೋದು. ಎರಡು ಮೂರು ಅಂದರೆ ಮೇಲೆ ಹತ್ತು. ಏಳು ಎಂಟು ಅಂದರೆ ಕೆಳಗೇ ಕೂತು ಲಿಫ್ಟ್ ಬಾಗಿಲು ಜಾರಿಸೋ ರೋಲರ್ ಒರೆಸು, ನಂಗೊಂದು ಟೀ ತಂದುಕೊಡು. ಬರ್ತಾ ಬರ್ತಾ ರೋಲರುಗಳಿಗೆ ಧೂಳು ಕೂತಿತು, ನನ್ನ ಟೀ ನಾನೇ ತರೋ ಹಾಗಾಯ್ತು. ಮಗ ಈಗ ಎಲ್ಲರ ಜೊತೆ ಊಟಕ್ಕೆ ಕೂರ್ತಾನೆ ಕಣೇ ಅಂತ ಅಕ್ಕ ಫೋನ್ ಮಾಡಿದಾಗ ನಾನು ಹಿಗ್ಗಿ ಹೀರೇಕಾಯಿ ಆದೆ. ಬಿಟ್ಟೇಬಿಟ್ಟ ಅಂದ್ಕೊಂಡೆ.

ಹಾಗಿರೋವಾಗ ಒಂದು ಸೋಮವಾರ, ಹಳೇ ಆಫೀಸು ಕಟ್ಟಡದಲ್ಲಿ ಕೆಲಸ. ನಂಬರ್ ಎಷ್ಟು ಅಂದೆ. ಎರಡು ಅಂದ, ಮುಖ ನೋಡದೆ. ನಾನು ಮೋಟಾರು ರೂಮಿಗೆ ಹೋಗಿ, ಕರೆಂಟ್ ತೆಗೆದು, ವಾಕಿಟಾಕಿ ಒತ್ತಿ ಹೇಳಿದೆ. ಉತ್ತರ ಬರಲಿಲ್ಲ. ಮತ್ತೆ ಹೇಳಿದೆ. ಸುಮ್ಮನೆ ಗೊರ್ ಅನ್ನೋ ಸದ್ದು. ಮಂಡಿ ನೋವು ಗಿಂಡಿ ನೋವು ಎಲ್ಲ ಮರೆತು ಮೆಟ್ಟಿಲಿಳಿದು ಓಡಿದೆ.

ಕುಳ್ಳ ಐದನೇ ಮಹಡಿಯಲ್ಲಿ ಲಿಫ್ಟಿನ ತೆರೆದ ಬಾಗಿಲ ಮುಂದೆ ನಿಂತಿದ್ದ. ಬೆಲ್ಟು ಕಟ್ಟಿದ್ದ, ಒಳಗೆ ಕಾಲಿಟ್ಟಿರಲಿಲ್ಲ. ಜೀವ ಬಂದ ಹಾಗಾಯ್ತು ನಂಗೆ. ಹಿಂದೆಯೇ ಸಿಟ್ಟೂ ಬಂತು.

"ಎರಡಲ್ಲ ಚಿಕ್ಕಮ್ಮ," ಅಂದ. "ನಿನ್ನೆ ಸೇದಿದೀನಿ. ತಲೆ ಇನ್ನೂ ಸರಿ ಇಲ್ಲ. ನಾನು ಹತ್ತಲ್ಲ."

ಗೆಳೆಯನೊಬ್ಬ ಊರು ಬಿಟ್ಟು ಹೊರಟಿದ್ದನಂತೆ, ಎಲ್ಲ ಸೇರಿದ್ದರಂತೆ. ಬೆಳಿಗ್ಗೆ ಮೊಬೈಲಿಗೆ ನಿಜ ಹೇಳಿದನಂತೆ. ಅದು, ಸೇದಿದಿರಿ, ಗೊತ್ತಾಯ್ತು, ಇದನ್ನ ಇನ್ಯಾರಿಗೆ ಹೇಳಬಹುದು ಅಂತ ಕೇಳಿತಂತೆ. ಅದಕ್ಕೆ ಮಾತ್ರ ಉತ್ತರ ಬರೆಯೋಕೆ ಆಗಲಿಲ್ಲವಂತೆ. ಇಷ್ಟು ಹೇಳಿ ಬೆಲ್ಟು ಬಿಚ್ಚಿ, ನೀಟಾಗಿ ಮಡಚಿ ನನ್ನ ಕೈಗೆ ಕೊಟ್ಟ. ಕೊನೇ ದಿನ ಅಂದಿದ್ದೆನಲ್ಲ, ಅದನ್ನ ಅವನು ಮರೆತಿರಲಿಲ್ಲ.

ಬಾಯಿ ತುಂಬ ಬೈಗುಳ ತುಂಬ್ಕೊಂಡು ಬಂದಿದ್ದೆ. ಸಿಟ್ಟಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರಲ್ಲ ಅಂತ ನಮ್ಮಮ್ಮ ನಂಗೇ ಹೇಳ್ತಿದ್ದಳು. ಆ ತೆರೆದ ಬಾಗಿಲ ಆಚೆ ಕತ್ತಲು ನೋಡಿದೆ. ಹತ್ತುತೀನಿ ಅಂತ ಒಂದು ಸುಳ್ಳು ಮಾತು ತಿರುಗಿ ಹೇಳಿದ್ದರೆ ಸಾಕಿತ್ತು, ನಂಗೆ ಗೊತ್ತೂ ಆಗ್ತಿರಲಿಲ್ಲ, ಇವನು ಈಗ ಅದರೊಳಗೆ ಇರ್ತಿದ್ದ. ಕೆಲಸ ಹೋಗುತ್ತೆ ಅಂತ ಗೊತ್ತಿದ್ದೂ ಹೇಳಿದ್ದಾನೆ. ಇಂಥವನನ್ನ ಓಡಿಸಿ ಎಂಥವನನ್ನ ಹುಡುಕಲಿ ನಾನು? ಕಣ್ಣು ಒದ್ದೆಯಾಯ್ತು, ಅದಕ್ಕೂ ಸಿಟ್ಟು ಬಂತು.

"ನಿನ್ನೆ ಸೇದಿದೀಯ," ಅಂದೆ. "ಇವತ್ತು ಹತ್ತಲ್ಲ. ಗೊತ್ತಾಯ್ತು."

ಅವನು ನನ್ನ ಮುಖವನ್ನೇ ನೋಡಿದ. ಇನ್ನೂ ಏನೋ ಬರುತ್ತೆ ಅಂತ ಕಾದ. ನಾನು ಬಾಗಿಲು ಎಳೆದು ಬೀಗ ಹಾಕಿ, ಬೆಲ್ಟನ್ನ ಹೆಗಲಿಗೆ ಹಾಕ್ಕೊಂಡು, ಇದು ನಾಳೆವರೆಗೂ ನನ್ನ ಹತ್ರ ಇರುತ್ತೆ ಅಂದೆ. ರೋಲರುಗಳಿಗೆ ಧೂಳು ಕೂತಿದೆ, ಹೋಗಿ ಒರೆಸು. ಅದಕ್ಕೆ ಮೊದಲು ಆ ಮೊಬೈಲಿಗೆ ಉತ್ತರ ಬರಿ, ಪಾಪ, ಬೆಳಿಗ್ಗೆಯಿಂದ ಕಾಯ್ತಾ ಇರುತ್ತೆ.

ಕುಳ್ಳ ಟೂಲ್ ಬಾಕ್ಸ್ ತೆಗೆದು, ಮೊಬೈಲು ಹಿಡಿದು ಅಲ್ಲೇ ಮೆಟ್ಟಿಲ ಮೇಲೆ ಕೂತ. ಚಿಕ್ಕಮ್ಮನಿಗೆ ಹೇಳಿದೆ ಅಂತ ಬರೆದ, ನನಗೂ ತೋರಿಸಿದ. ಎದ್ದು ನಾಲ್ಕು ಮೆಟ್ಟಿಲು ಇಳಿದವನು ತಿರುಗಿ ನಿಂತ.

"ಚಿಕ್ಕಮ್ಮ, ನಿನ್ನ ಸಿಟ್ಟು ಈಗ ಎಷ್ಟು?"

"ಒಂಬತ್ತು," ಅಂದೆ.

"ಒಂಬತ್ತು. ಗೊತ್ತಾಯ್ತು," ಅಂದು, ನಂಗೊಂದು ಟೀ ತರೋಕೆ ಹೋದ.