ಸಾಕ್ಷಿ ಅಂದ್ಕೊಂಡು ಹಾಕಿದ ಸೈನ್

ನಾನು ಟೈಲರ್. ಸ್ಕೂಲ್ ಯೂನಿಫಾರ್ಮ್ ಹೊಲಿಯೋದು, ಪ್ಯಾಂಟ್ ರಿಪೇರಿ, ಜಿಪ್ ಹಾಕೋದು, ಇದೇ ನನ್ನ ಕೆಲಸ. ಯಜಮಾನ್ರು ಸಾಮಾನಿನ ವ್ಯಾನ್ ಓಡಿಸ್ತಾರೆ. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ರಕ್ತ ಪರೀಕ್ಷೆ ಮಾಡೋ ಲ್ಯಾಬ್‌ನಲ್ಲಿ ಕೆಲಸಕ್ಕಿದಾಳೆ. ಚಿಕ್ಕವಳಿಗೆ ಒಂಬತ್ತು ವರ್ಷ.

ಒಂದು ಬೆಳಿಗ್ಗೆ ಫೈನಾನ್ಸ್ ಕಂಪನಿಯವರೊಬ್ಬರು ನನ್ನ ಅಂಗಡಿಗೇ ಬಂದ್ರು. "ನಿಮ್ಮ ಮಗಳ ಜೊತೆ ಕೆಲಸಕ್ಕಿದ್ದ ಹುಡುಗಿ ಸ್ಕೂಟರ್ ಸಾಲ ತಗೊಂಡು ಕಂತು ಕಟ್ಟಿಲ್ಲ. ಕೆಲಸ ಬಿಟ್ಟು ಎಲ್ಲಿಗೋ ಹೋಗಿದಾಳೆ. ನಿಮ್ಮ ಮಗಳು ಜಾಮೀನು ಹಾಕಿದಾರೆ. ಇನ್ನು ಅವರೇ ಕಟ್ಟಬೇಕು" ಅಂದ್ರು.

ಮಧ್ಯಾಹ್ನ ಮಗಳು ಊಟಕ್ಕೆ ಬಂದಾಗ ಕೇಳಿದೆ.

"ಅಮ್ಮಾ, ಜಾಮೀನು ಅಂದ್ರೆ ಸಾಕ್ಷಿ ಅಲ್ವಾ? ಅವಳು ಒಳ್ಳೆಯವಳು ಅಂತ ಸೈನ್ ಹಾಕ್ದೆ, ಅಷ್ಟೆ."

ಜಾಮೀನು ಅಂದ್ರೆ ಏನು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಅವಳಿಗೆ ಹನ್ನೊಂದು ವರ್ಷ ಇದ್ದಾಗ ಯಜಮಾನ್ರ ಗೆಳೆಯರೊಬ್ಬರು ಇಂಥದ್ದೇ ಕಾಗದ ಹಿಡ್ಕೊಂಡು ಮನೆಗೆ ಬಂದಿದ್ರು. ಆಗಲ್ಲ ಅಂತ ನಯವಾಗಿ ಹೇಳಿ ಕಳಿಸಿದ್ವಿ. ಇವಳು ಬಾಗಿಲಲ್ಲಿ ನಿಂತು, "ಯಾಕಮ್ಮ ಸೈನ್ ಹಾಕಲಿಲ್ಲ?" ಅಂತ ಕೇಳಿದ್ಲು. "ದೊಡ್ಡವರ ವಿಷಯ ನಿನಗ್ಯಾಕೆ, ಹೋಗಿ ಓದ್ಕೋ" ಅಂತ ಗದರಿಬಿಟ್ಟೆ. ಪಾಪ, ಹೋಗಿ ಓದ್ಕೊಂಡ್ಲು.

ಈಗ ಅವಳ ಅರ್ಧ ಸಂಬಳ ಆ ಸ್ಕೂಟರಿಗೆ ಹೋಗುತ್ತೆ. ಮುಂದೆ ಓದೋಕೆ ಅಂತ ಕೂಡಿಟ್ಟಿದ್ದೂ ಹೋಯ್ತು. ಸಿಕ್ಕಿದ್ದ ಕಾಲೇಜ್ ಸೀಟು ಬಿಟ್ಟುಕೊಟ್ಲು. ಆ ಸ್ಕೂಟರ್ ಮೇಲೆ ಅವಳು ಒಂದು ದಿನ ಕೂತವಳೂ ಅಲ್ಲ.

ನಮ್ಮ ಬೀದಿಯ ಬ್ಯಾಂಕ್ ಮೇಡಂ ಪ್ಯಾಂಟ್ ಉದ್ದ ಕಡಿಮೆ ಮಾಡಿಸೋಕೆ ಬಂದಾಗ ಎಲ್ಲ ಹೇಳಿ ಅತ್ತುಬಿಟ್ಟೆ.

"ಚಿಕ್ಕವಳಿಗಾದ್ರೂ ದುಡ್ಡಿನ ವಿಷಯ ಈಗಿಂದಲೇ ಹೇಳ್ಕೊಡಿ" ಅಂದ್ರು.

ವ್ಯಾನಿಂದ ಇಳಿದು ಬಂದ ಯಜಮಾನ್ರಿಗೆ ಅದು ಹಿಡಿಸಲಿಲ್ಲ. "ಅಷ್ಟು ಸಣ್ಣ ಮಗುಗೆ ದುಡ್ಡಿನ ಮಾತಾ? ಆಸೆಬುರುಕಿ ಆಗ್ತಾಳೆ."

ಮೇಡಂ ನನ್ನ ಕಡೆ ತಿರುಗಿದ್ರು. "ನಿಮ್ಮ ಕತ್ತರಿ ಅವಳ ಕೈಗೆ ಕೊಟ್ಟಿಲ್ವಾ?"

"ಎದುರಿಗೆ ಕೂರಿಸ್ಕೊಂಡು ಕೊಟ್ಟಿದೀನಿ. ಚಿಂದಿ ಬಟ್ಟೆ ಕತ್ತರಿಸ್ತಾಳೆ."

"ದುಡ್ಡನ್ನೂ ಹಾಗೇ ಕೊಡಿ. ತಪ್ಪು ಮಾಡೋದಿದ್ರೆ ನಿಮ್ಮ ಎದುರಿಗೇ ಸಣ್ಣದು ಮಾಡ್ಲಿ."

ಆ ವಾರ ಯಜಮಾನ್ರೇ ಚಿಕ್ಕವಳಿಗೆ ಸ್ವಲ್ಪ ಕಾಸು ಕೊಟ್ಟು, "ಪೆನ್ಸಿಲ್, ರಬ್ಬರ್, ತಿಂಡಿ ಎಲ್ಲ ವಾರಪೂರ್ತಿ ಇದರಲ್ಲೇ" ಅಂದ್ರು. ಎರಡೇ ದಿನಕ್ಕೆ ಎಲ್ಲ ಸ್ಟಿಕ್ಕರ್ ಆಗಿತ್ತು! ಅವಳು ಸಪ್ಪಗೆ ಕೂತಾಗ ಯಜಮಾನ್ರ ಕೈ ಜೇಬಿಗೆ ಹೋಯ್ತು, ಹಾಗೇ ವಾಪಸ್ ಬಂತು. ಉಳಿದ ದಿನ ಮೋಟು ಪೆನ್ಸಿಲ್‌ನಲ್ಲೇ ಬರೆದ್ಲು. ಮುಂದಿನ ವಾರ ಗುರುವಾರದವರೆಗೂ ಕಾಸು ಉಳಿದಿತ್ತು.

ಒಂದು ಭಾನುವಾರ ದೊಡ್ಡವಳು ತಾನಾಗೇ ಆ ಸಾಲದ ಕಾಗದ ತಂದು ತಂಗಿ ಪಕ್ಕ ಕೂತ್ಲು. ಒಂದೊಂದು ಸಾಲಿಗೂ ಬೆರಳಿಟ್ಟು ಅರ್ಥ ಹೇಳಿದ್ಲು.

"ಅಕ್ಕಾ, ಇದನ್ನ ಓದದೇ ಸೈನ್ ಹಾಕಿದ್ಯಾ?"

"ಓದಿದ್ದೆ ಕಣೇ. ಅರ್ಥ ಯಾರನ್ನೂ ಕೇಳಲಿಲ್ಲ" ಅಂತ ನಕ್ಕಳು. ನನಗೆ ನಗೋಕೆ ಆಗಲಿಲ್ಲ. ಎದ್ದು ಒಳಗೆ ಹೋದೆ. ಇನ್ನೂ ಹದಿನಾಲ್ಕು ಕಂತು ಬಾಕಿ ಇದೆ.

ಅಮ್ಮಂದಿರೇ, ಅಪ್ಪಂದಿರೇ, ನಮ್ಮ ಕಷ್ಟ ಮಕ್ಕಳಿಗೆ ತಿಳಿಯಬಾರದು ಅಂತ ಪ್ರೀತಿಯಿಂದಲೇ ಮುಚ್ಚಿಡ್ತೀವಿ. ನಾನೂ ಹಾಗೇ ಮಾಡಿದೆ. ಈ ತಿಂಗಳ ಕರೆಂಟ್ ಬಿಲ್ ಬಂದಾಗ ಮಕ್ಕಳ ಕೈಲಿ ಓದಿಸಿ. ಅಂಗಡಿಗೆ ಕರ್ಕೊಂಡು ಹೋಗಿ ಬೆಲೆ ಕೇಳೋಕೆ ಬಿಡಿ. ಸಾಲ, ಬಡ್ಡಿ, ಜಾಮೀನು ಅಂದ್ರೇನು ಅಂತ ಅವರು ಕೇಳಿದ ದಿನವೇ ಹೇಳಿ. ನನ್ನ ಮಗಳು ಕೇಳಿದ್ದು ಒಂದೇ ಒಂದು ಸಲ.