ಮೂರನೇ ಹೆಜ್ಜೆ

ಹೂಕುಂಡ ತಲೆಯ ಮೇಲೆ ಬಿದ್ದು ಮನುಷ್ಯ ಸತ್ತ ಅಂದರೆ ಯಾರಿಗೆ ತಾನೇ ನಗು ಬರುವುದಿಲ್ಲ ಹೇಳಿ. ಟೈಲರ್ ಒಬ್ಬ ಹಾಗೆ ಸತ್ತಾಗ, ಮಾತಾಡಿಸಲು ಬಂದ ನೆಂಟರೇ ಬಾಯಿಗೆ ಕರ್ಚೀಫು ಒತ್ತಿಕೊಂಡಿದ್ದರು. ಅದು ಅಳು ತಡೆಯುವುದಕ್ಕಲ್ಲ ಎಂದು ಅವನ ಹನ್ನೆರಡು ವರ್ಷದ ಮಗಳಿಗೂ ಗೊತ್ತಾಗಿತ್ತು. ಆ ಉರಿ ಮೂವತ್ತು ವರ್ಷ ಕಳೆದರೂ ಆರಿರಲಿಲ್ಲ. ಅಪ್ಪನ ಸಾವನ್ನು ಓದಿ ಒಬ್ಬರೂ ನಗಬಾರದು, ಅಷ್ಟಕ್ಕೇ ಅವಳು ಕಥೆ ಬರೆದದ್ದು.

ಪತ್ರಿಕೆಯ ಸಂಪಾದಕರು ಅದನ್ನು ವಾಪಸು ಕಳಿಸಿದರು. ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿದ್ದರು: ‘ಹೂಕುಂಡ ನಂಬುವ ಹಾಗಿಲ್ಲ. ಹೃದಯಾಘಾತ ಮಾಡಿದರೆ ಹೇಗೆ?’

“ಹೃದಯಾಘಾತವಂತೆ!” ಅವಳು ಹಾಳೆಗಳನ್ನು ಮೇಜಿನ ಮೇಲೆ ಕುಕ್ಕಿದಳು. “ನಡೆದಿದ್ದನ್ನೇ ಬರೆದ್ರೂ ನಂಬಲ್ವಂತೆ ಕಣಮ್ಮ.”

ಅಮ್ಮ ಹಳೆಯ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಓದು ನೋಡೋಣ ಎಂದವಳು, ಒಂದು ಸಾಲು ಮುಗಿಯುವಷ್ಟರಲ್ಲಿ ತಡೆದಳು. “ಮೊದಲನೇ ಸಾಲಲ್ಲೇ ಸಾಯಿಸಿಬಿಟ್ಟಿದ್ದೀಯಲ್ಲೇ. ನಿಮ್ಮಪ್ಪ ಎಂಥವರು ಅಂತ ಓದೋರಿಗೆ ಹೇಗೆ ಗೊತ್ತಾಗ್ಬೇಕು? ಒಂದು ಕೋಟಾದ್ರೂ ಹೊಲಿಯೋಕೆ ಬಿಡು ಅವರನ್ನ.”

ಸರಿ, ಹೊಲಿಯಲು ಬಿಟ್ಟಳು. ಬಿಟ್ಟದ್ದೇ ತಡ, ಎಲ್ಲವೂ ಒಂದೊಂದಾಗಿ ಬಂತು: ಕಿವಿಗೆ ಸಿಕ್ಕಿಸಿದ ಸೀಮೆಸುಣ್ಣ, ಇಸ್ತ್ರಿಯ ಬಿಸಿಗೆ ಏಳುವ ಒದ್ದೆ ಉಣ್ಣೆಯ ವಾಸನೆ, ಗುಂಡುಸೂಜಿ ಕಚ್ಚಿಕೊಂಡೇ ಗಿರಾಕಿಯ ಹೊಟ್ಟೆಯನ್ನು ಆಡಿಕೊಳ್ಳುವ ಮಾತು. ಕೋಟು ಮುಗಿದರೆ ಅಪ್ಪ ಗಿರಾಕಿಯನ್ನು ಅಂಗಡಿಯ ಬಾಗಿಲಲ್ಲಿ ನಿಲ್ಲಿಸಿ, ತಾನು ಬೀದಿಗಿಳಿದು, ಒಂದು ಕಣ್ಣು ಮುಚ್ಚಿ ಮೂರು ಹೆಜ್ಜೆ ಹಿಂದೆ ಹೋಗುತ್ತಿದ್ದ. ಒಂದು ಭುಜ ನೋಡುವುದಕ್ಕೆ, ಎರಡು ಸೊಂಟಕ್ಕೆ, ಮೂರು ಒಟ್ಟು ಚೆಂದಕ್ಕೆ. ಮೂರಕ್ಕೆ ಎದುರುಮನೆಯ ಗೋಡೆ ಬೆನ್ನಿಗೆ ತಾಗುವಷ್ಟು ಕಿರಿದಾದ ಬೀದಿ ಅದು. ಆ ಮನೆಯ ಮಹಡಿಯ ಅಜ್ಜಿ, ಬಿಸಿಲು ಸರಿದಂತೆಲ್ಲ ತನ್ನ ಹೂಕುಂಡವನ್ನು ಕಟ್ಟೆಯ ಅಂಚಿಗೆ ಸರಿಸುತ್ತಿದ್ದಳು.

“ಅಜ್ಜೀ, ಇನ್ನೊಂಚೂರು ಸರಿಸಿದ್ರೆ ನಿಮ್ಮ ಗಿಡ ನನ್ನ ಅಂಗಡಿಗೇ ಬರುತ್ತೆ,” ಎಂದು ಅಪ್ಪ ದಿನಾ ತಲೆಯೆತ್ತಿ ರೇಗಿಸುತ್ತಿದ್ದ.

“ಬರ್ಲಿ ಬಿಡಪ್ಪ, ನೀನೇ ನೀರು ಹಾಕು.”

ಭಾನುವಾರ ಬೆಳಿಗ್ಗೆ ಅವಳು ಹೊಸದಾಗಿ ಬರೆದದ್ದನ್ನು ಓದತೊಡಗಿದಳು. ಅಜ್ಜಿಯ ಮಾತಿಗೆ ಅಮ್ಮ ಪಕ್ಕನೆ ನಕ್ಕಳು. ಮಗಳು ತಟ್ಟನೆ ಓದು ನಿಲ್ಲಿಸಿದಳು. ಅಯ್ಯೋ, ಇವಳೇ ನಕ್ಕರೆ ಊರು ನಗದೆ ಬಿಟ್ಟೀತೇ? ಆದರೂ ಓದಿದಳು. ಅಂದು ಅಂಗಡಿಯ ಬಾಗಿಲಲ್ಲಿ ಹೊಸ ಕೋಟು ತೊಟ್ಟ ಗಿರಾಕಿ, ಶಾಲೆಯ ಮೇಷ್ಟ್ರು. ಅಪ್ಪ ಬೀದಿಗಿಳಿದ. ಒಂದು ಹೆಜ್ಜೆ, ಭುಜ ಸರಿಯಾಗಿ ಕೂತಿತ್ತು. ಎರಡನೇ ಹೆಜ್ಜೆ, ಸೊಂಟವೂ ಸರಿಯಾಗಿತ್ತು.

ಅಮ್ಮ ಅಂಗಿಯನ್ನು ಕೆಳಗೆ ಹಾಕಿ, ಓದುತ್ತಿದ್ದ ಹಾಳೆಯ ಮೇಲೆ ಅಂಗೈ ಒತ್ತಿ ಹಿಡಿದಳು.

“ಸಾಕು ರೀ,” ಎಂದಳು. “ಕೋಟು ಚೆನ್ನಾಗೇ ಇದೆ. ಒಳಗೆ ಬನ್ನಿ.”