ಎಡಕ್ಕೆ ತಿರುಗಿದರೆ ಬರುವ ಶಬ್ದ

ಮಾಬ್ಲ ಹೆದರಿಕೊಂಡೇ ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದ. ಅಂಗಳದಲ್ಲಿ ಕಮಲಾಕರಣ್ಣನನ್ನು ಚಾಪೆಯ ಮೇಲೆ ಮಲಗಿಸಿದ್ದರು. ಸುತ್ತ ಕುಳಿತ ಬಾಡ ಊರಿನ ಜನ ಅಳು ನಿಲ್ಲಿಸಿ ಸತ್ತವನ ಕಾರಿನ ಕಡೆ ಕಿವಿ ಕೊಟ್ಟರು. ಕಾಯ್ಕಿಣಿಗೆ ಕೊಟ್ಟ ಮಗಳು ಸರೋಜಾ ಹೊಳೆ ದಾಟಿ ಹೊನ್ನಾವರಕ್ಕೆ ಬರುವವಳಿದ್ದಳು. ಅವಳನ್ನು ಕರೆತರದೆ ಹೆಣ ಎತ್ತುವಂತಿರಲಿಲ್ಲ. ಊರಿನಲ್ಲಿ ಕಾರು ಓಡಿಸಲು ಬರುತ್ತಿದ್ದವರು ಇಬ್ಬರೇ. ಒಬ್ಬ ಚಾಪೆಯ ಮೇಲಿದ್ದ. ಇನ್ನೊಬ್ಬ ಮೆಕ್ಯಾನಿಕ್ ಮಾಬ್ಲ, ದೀಪಾವಳಿಯಿಂದ ಆ ಮನೆಯ ಮೆಟ್ಟಿಲು ಹತ್ತದವನು.

ಕಾರು ತಿರುಗಿತು. ಶಬ್ದ ಬರಲಿಲ್ಲ.

"ಯಜಮಾನ ಹೋದ, ಕಾರೂ ಸುಮ್ಮಗಾತು" ಎಂದ ಪಕ್ಕದ ಮನೆಯ ಚೌಡ.

ಹೊನ್ನಾವರದವರೆಗೂ ಅಷ್ಟೇ. ಒಂದೊಂದು ತಿರುವಿನಲ್ಲೂ ಮಾಬ್ಲ ಉಸಿರು ಹಿಡಿದು ಕಾದ. ಕಾರು ಮಾತ್ರ ಬಾಯಿ ಬಿಡಲಿಲ್ಲ. ಯಜಮಾನ ಬದುಕಿದ್ದಾಗ ಹೀಗೆ ಒಂದು ದಿನ ಸುಮ್ಮನಿದ್ದಿದ್ದರೆ ಇದರ ಗಂಟೇನು ಹೋಗುತ್ತಿತ್ತು ಎಂದು ಅವನಿಗೆ ಸಿಟ್ಟೇ ಬಂತು. ದಂಡೆಯಲ್ಲಿ ಸರೋಜಾ ಕಾರಿಗೆ ಬೆನ್ನು ಹಾಕಿ ಗಂಟಿನ ಮೇಲೆ ಕುಳಿತಿದ್ದಳು. ಅವನೇ ಇಳಿದುಹೋಗಿ ಕರೆಯಬೇಕಾಯಿತು.

"ನಮ್ಮ ಕಾರಲ್ಲ ಅಂದ್ಕಂಡೆ ಮಾಬ್ಲಣ್ಣ. ಶಬ್ದನೇ ಬರ್ಲಿಲ್ಲ" ಎಂದವಳು ಅಲ್ಲೇ ಅತ್ತುಬಿಟ್ಟಳು.

*

ಆ ಶಬ್ದ ಕುಮಟೆಯಿಂದ ಭಟ್ಕಳದವರೆಗೆ ಪ್ರಸಿದ್ಧ. ಬಾಡಿಗೆ ಕಾರು ಎಡಕ್ಕೆ ತಿರುಗಿದರೆ ಸ್ಟೇರಿಂಗಿನ ಬುಡದಿಂದ 'ಕಿರ್ರ್' ಎಂದು ಕೇಳುತ್ತಿತ್ತು. ಸಂತೆಗುಳಿಯಿಂದ ಹೆರಿಗೆಗೆ ಕರೆತಂದ ಹೆಂಗಸರು ನೋವಿನ ನಡುವೆಯೂ "ಎಂತದ್ರಾ ಅದು?" ಎಂದು ಕೇಳುತ್ತಿದ್ದರಂತೆ. ಕಮಲಾಕರಣ್ಣ ಮಾಬ್ಲನ ಗ್ಯಾರೇಜಿಗೆ ಬರುತ್ತಿದ್ದ. ಮಾಬ್ಲ ಕಾರಿನ ಅಡಿ ಮಲಗಿ, ಸ್ಕ್ರೂಡ್ರೈವರಿನ ತುದಿಯನ್ನು ಸ್ಟೇರಿಂಗ್ ಪೆಟ್ಟಿಗೆಗೂ ಹಿಡಿಯನ್ನು ಕಿವಿಗೂ ಒತ್ತಿಕೊಂಡು "ತಿರ್ಗ್ಸು" ಎನ್ನುತ್ತಿದ್ದ. ಮೇಲೆ ಕುಳಿತ ಕಮಲಾಕರಣ್ಣ ತಿರುಗಿಸಿದರೆ ಕಬ್ಬಿಣದೊಳಗಿಂದ ಸ್ಪಷ್ಟವಾಗಿ ಕಿರ್ರ್. ಬುಷ್ ಬದಲಾಯಿತು, ಬಾಲ್ ಜಾಯಿಂಟ್ ಬದಲಾಯಿತು, ಗ್ರೀಸು ಸುರಿದದ್ದಕ್ಕೆ ಲೆಕ್ಕವಿಲ್ಲ. ಆಮೇಲೆ ಮಾಬ್ಲ ತಾನೇ ಓಡಿಸಿ ನೋಡಿದರೆ ಕಾರು ಸಾಧು. ಕೊಟ್ಟು ಕಳಿಸಿದ ಮರುದಿನ ಮತ್ತೆ ಹಾಜರು.

ಸಿಕ್ಕಸಿಕ್ಕಲ್ಲಿ ಕಮಲಾಕರಣ್ಣ ಮಾಬ್ಲನ ಕೈಗುಣ ಆಡಿಕೊಂಡ. ಗ್ಯಾರೇಜಿನ ಗಿರಾಕಿಗಳು ಕಡಿಮೆಯಾದರು. ದೀಪಾವಳಿಯ ದಿನ ಮಾಬ್ಲನ ತಾಳ್ಮೆ ಕೆಟ್ಟಿತು.

"ಶಬ್ದ ಕಾರಲ್ಲಿಲ್ಲ ಮಾರಾಯ, ನಿನ್ನ ಕಿವಿಯಲ್ಲಿ ಉಂಟು" ಎಂದುಬಿಟ್ಟ.

ಕಮಲಾಕರಣ್ಣ ಕಾರು ಹೊರಡಿಸಿದ. ಗೇಟಿನಲ್ಲಿ ಎಡಕ್ಕೆ ತಿರುಗುವಾಗ ಕಾರು ಅವನ ಪರವಾಗಿ ಉತ್ತರ ಕೊಟ್ಟಿತು. ಇಬ್ಬರೂ ಒಟ್ಟಿಗೆ ಎಲೆಯಡಿಕೆಯ ಕವಳ ಹಾಕುವುದು ಅವತ್ತಿಗೆ ನಿಂತಿತು.

*

ಸರೋಜಾ ಬಂದ ಮೇಲೆ ಹೆಣಕ್ಕೆ ಸ್ನಾನ ಮಾಡಿಸಲು ಎತ್ತಿದರು. ಹಿಂದಿನ ಸಂಜೆ ಕವಳ ಹಾಕಿಕೊಂಡು ಜಗುಲಿಯಲ್ಲಿ ಕುಳಿತವನು ಕುಳಿತಲ್ಲೇ ಹೋಗಿದ್ದ. ಪಂಚೆಯ ಗಂಟಿನಲ್ಲಿ ಹಿತ್ತಾಳೆಯ ಸುಣ್ಣದ ಡಬ್ಬಿ ಹಾಗೇ ಇತ್ತು. ಹೆಂಡತಿ ಪರಮೇಶ್ವರಿ ಅದನ್ನು ಬಿಡಿಸಿ ಮಾಬ್ಲನ ಕೈಗೆ ಕೊಟ್ಟಳು. ಸಿಟ್ಟಿದ್ದರೂ ಕವಳ ಹಾಕುವಾಗೆಲ್ಲ ನಿನ್ನ ಹೆಸರು ಹೇಳುತ್ತಿದ್ದರು, ನಿನ್ನ ಹತ್ತಿರವೇ ಇರಲಿ ಎಂದಳು.

ಡಬ್ಬಿಯ ಮುಚ್ಚಳದ ಒಂದು ಅಂಚು ಸವೆದು ಪಳಪಳ ಹೊಳೆಯುತ್ತಿತ್ತು. ಮಾಬ್ಲ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಎದ್ದು ಕಾರಿನ ಬಳಿ ಹೋದ. ಸ್ಟೇರಿಂಗ್ ಚಕ್ರದ ಕೆಳಬದಿಯಲ್ಲಿ ಒಂದು ಗೀರು ಬಿದ್ದಿತ್ತು, ಗೀರಿನೊಳಗೆ ಹಿತ್ತಾಳೆಯ ಹಳದಿ. ಬಲಗಡೆ ಕೂತವನು ಎಡಕ್ಕೆ ತಿರುಗುವಾಗ ಆಚೆ ಮೂಲೆ ನೋಡಲು ಮುಂದೆ ಬಾಗಲೇಬೇಕು. ನಿಂತ ಕಾರಿನಲ್ಲೂ ಅದೇ ಅಭ್ಯಾಸದಿಂದ ಕಮಲಾಕರಣ್ಣ ಬಾಗಿದರೆ ಮೊದಲು ಹೊಟ್ಟೆ, ಹೊಟ್ಟೆಯ ಮೇಲಿನ ಡಬ್ಬಿ ಹೋಗಿ ಚಕ್ರಕ್ಕೆ ಉಜ್ಜುತ್ತಿತ್ತು. ಇಷ್ಟು ವರ್ಷ ತಾನು ಅಡಿಯಲ್ಲಿ ಮಲಗಿ ಹುಡುಕಿದ್ದು ಮೇಲೆ ಕುಳಿತಿತ್ತು.

ಮಾಬ್ಲ ಮರಳಿ ಬಂದು, ಸ್ನಾನವಾಗಿ ಹೊಸ ಬಟ್ಟೆ ಹೊದ್ದಿದ್ದ ಹೆಣದ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತ. ಕಿವಿಯ ಹತ್ತಿರ ಬಾಗಿದ.

"ಸಿಕ್ತು ಕಮಲಾಕರಣ್ಣ. ಕಾರಿಂದಲ್ಲ, ನಿಂದು."

"ಎಂತ ಸಿಕ್ತು?" ಎಂದಳು ಪರಮೇಶ್ವರಿ.

ಹೇಳದೆ ವಿಧಿಯಿರಲಿಲ್ಲ. ಹೇಳಿದ. ಪರಮೇಶ್ವರಿ ಡಬ್ಬಿಯನ್ನು ವಾಪಸು ಇಸಿದುಕೊಂಡು ಸವೆದ ಅಂಚಿನ ಮೇಲೆ ಬೆರಳಾಡಿಸಿದಳು. ಸೆರಗು ಬಾಯಿಗೆ ಬಂತು, ಭುಜ ಕುಲುಕಿತು. ಸರೋಜಾ ಹೆದರಿ ಅಮ್ಮನನ್ನು ಹಿಡಿದುಕೊಂಡಳು.

"ಅನ್ನ ಕಮ್ಮಿ ಮಾಡಿ ಅಂತ ಎಷ್ಟು ಬಡ್ಕಂಡೆ" ಎಂದಳು ಪರಮೇಶ್ವರಿ. ಅವಳು ನಗುತ್ತಿದ್ದಳು. "ತಮ್ಮ ಹೊಟ್ಟೆ ಬಿಟ್ಟು ಪಾಪ ಆ ಕಾರಿನ ಹೊಟ್ಟೆ ಬಗೆಸಿದ್ರು."

ಅಂಗಳ ತಡೆದುಕೊಳ್ಳಲು ನೋಡಿತು, ಆಗಲಿಲ್ಲ. ನಗುತ್ತ ನಗುತ್ತಲೇ ಪರಮೇಶ್ವರಿಗೆ ಅಳು ಬಂತು. ಚಟ್ಟಕ್ಕೆ ಹೆಗಲು ಕೊಟ್ಟ ಚೌಡ, ಈ ಭಾರ ತಡೆದ ಸ್ಟೇರಿಂಗ್ ದೊಡ್ಡದು ಎಂದು ಏದುಸಿರು ಬಿಟ್ಟ. ಮುಂದಿನ ಹೆಗಲು ಮಾಬ್ಲನದು.

ಎಲ್ಲ ಮುಗಿಸಿ, ಮಿಂದು, ಒದ್ದೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಗಂಡಸರು ಮರಳುವಾಗ ಸಂಜೆ. ಕಾರನ್ನು ಚಪ್ಪರದಡಿ ನಿಲ್ಲಿಸಲು ಹೋದ ಮಾಬ್ಲನ ಬಳಿಗೆ ಸರೋಜಾ ಡಬ್ಬಿ ಹಿಡಿದು ಬಂದಳು.

"ಒಂದ್ಸಲ ಮಾಡಿ ತೋರ್ಸು."

ಮಾಬ್ಲ ಸೊಂಟಕ್ಕೆ ಡಬ್ಬಿ ಸಿಕ್ಕಿಸಿ ಬಾಗಿದ. ಸಣಕಲ ಹೊಟ್ಟೆ, ಚಕ್ರಕ್ಕೆ ಎಟುಕಲಿಲ್ಲ. ಚೌಡ ತನ್ನ ಟವೆಲ್ಲು ಮಡಚಿ ಅವನ ಅಂಗಿಯೊಳಗೆ ತುರುಕಿದ. ಸಾಲಲಿಲ್ಲ. ನಿಂತವರೆಲ್ಲ ಒಬ್ಬೊಬ್ಬರಾಗಿ ತಮ್ಮ ಟವೆಲ್ಲು ಕೊಟ್ಟರು. ಮಾಬ್ಲನಿಗೆ ಕಮಲಾಕರಣ್ಣನಷ್ಟು ಹೊಟ್ಟೆ ಬಂದ ಮೇಲೆ ಕಾರು ಸಣ್ಣಗೆ 'ಕಿರ್ರ್' ಎಂದಿತು.

ಪರಮೇಶ್ವರಿ ಜಗುಲಿಯಿಂದ ಇಳಿದು ಬಂದಳು. ಮುಂದಿನ ಬಾಗಿಲು ತೆರೆದು, ಇಷ್ಟು ವರ್ಷ ಬಾಡಿಗೆಯವರೇ ಕುಳಿತ ಸೀಟಿನಲ್ಲಿ ಸೆರಗು ಸರಿಮಾಡಿಕೊಂಡು ಕುಳಿತಳು.

"ಪೂರ್ತಿ ಎಡಕ್ಕೆ ತಿರ್ಗ್ಸು" ಎಂದಳು.

ಮಾಬ್ಲ ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ತಿರುಗಿಸಿದ.